ಆಸ್ಪತ್ರೆಯ ಲೈನು

ಏಪ್ರಿಲ್ ೪, ಶನಿವಾರ

ಮೊನ್ನೆ, ಏಪ್ರಿಲ್ ಎರಡರಂದು, ವಿದ್ಯುತ್ ಮಂಡಳಿಯವರು ನಮ್ಮ ಬೀದಿಯನ್ನು ಆಸ್ಪತ್ರೆಯ ಲೈನಿನಿಂದ ಕಿತ್ತು ಬೇರೆ ಲೈನಿಗೆ ಕಟ್ಟಿದರು. ಯಾರಿಗೂ ಹೇಳಲಿಲ್ಲ. ಪತ್ರಿಕೆಯಲ್ಲಿ ಒಂದು ಸಾಲಿಲ್ಲ, ಬೀದಿಯ ಕಂಬಕ್ಕೆ ಒಂದು ಚೀಟಿ ಅಂಟಿಸುವಷ್ಟು ಸೌಜನ್ಯವೂ ಇಲ್ಲ. ನಿನ್ನೆ ಮಧ್ಯಾಹ್ನ ಕರೆಂಟು ಹೋದಾಗಲೇ ನಮಗೆ ಏನೋ ಆಗಿದೆಯೆಂದು ತಿಳಿದದ್ದು. ಏನಾಗಿದೆಯೆಂದು ತಿಳಿಯಲು ಇವತ್ತು ಮಂಡಳಿಯ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯಬೇಕಾಯಿತು.

ಈ ಬೀದಿಯಲ್ಲಿ ಕರೆಂಟು ಹೋಗುತ್ತಲೇ ಇರಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗುವ ತಂತಿಯೇ ದಾರಿಯಲ್ಲಿ ನಮ್ಮ ಮನೆಗಳಿಗೂ ಕರೆಂಟು ಕೊಟ್ಟು ಹೋಗುತ್ತಿತ್ತು. ಆಸ್ಪತ್ರೆಯನ್ನು ಕತ್ತಲೆಗೆ ತಳ್ಳುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ, ಊರೆಲ್ಲ ಬೆವರುವಾಗಲೂ ನಮ್ಮಲ್ಲಿ ಫ್ಯಾನು ತಿರುಗುತ್ತಿತ್ತು. ನಿನ್ನೆ ಮಹಡಿ ಮನೆಯ ವಕೀಲರು ತಮ್ಮ ಫ್ಯೂಸೇ ಹೋಗಿದೆಯೆಂದು ಸ್ಟೂಲು ಹತ್ತಿ ಕಾಲು ಉಳುಕಿಸಿಕೊಂಡರು. ಸಂಜೆ ಮೆಟ್ಟಿಲಿಗೆ ಇಡಲು ಒಂದು ಮೇಣದಬತ್ತಿಗಾಗಿ ಮನೆಮನೆ ಕೇಳಿದರು, ಯಾರಲ್ಲೂ ಇರಲಿಲ್ಲ.

ನಾವು ಈ ಮನೆಗೆ ಬಂದದ್ದೇ ಆ ಲೈನಿಗಾಗಿ. ನನ್ನ ಹೆಂಡತಿಯ ಶ್ವಾಸಕೋಶ ಒಣಗಿದ ಸ್ಪಂಜಿನಂತೆ ಗಟ್ಟಿಯಾಗುತ್ತಿದೆ. ಹಗಲೂ ರಾತ್ರಿ ಮೂಗಿಗೆ ನಳಿಕೆ ಬೇಕು. ಕೋಣೆಯ ಗಾಳಿಯಿಂದ ಆಮ್ಲಜನಕ ಹಿಂಡಿಕೊಡುವ ಯಂತ್ರ ಮಂಚದ ಪಕ್ಕದಲ್ಲಿ ಏದುಸಿರು ಬಿಡುತ್ತಾ ನಿಂತಿರುತ್ತದೆ. ಇವಳು ಅದನ್ನು ಎಮ್ಮೆ ಎಂದು ಕರೆಯುತ್ತಾಳೆ. ಎಮ್ಮೆಗೆ ಮೇವು ಕರೆಂಟು. ನಿನ್ನೆ ಅದು ಒಮ್ಮೆಲೇ ಕಿರುಚಿ ಸುಮ್ಮನಾದಾಗ ನನಗೆ ಮೂಲೆಯ ಆಮ್ಲಜನಕದ ಸಿಲಿಂಡರಿನ ತಿರುಪು ಯಾವ ಕಡೆ ತಿರುಗಿಸಬೇಕೆಂದೇ ಮರೆತುಹೋಯಿತು.

"ಎಡಕ್ಕೆ ರೀ, ಎಡಕ್ಕೆ," ಎಂದಳು. "ಲೆಫ್ಟ್ ರೈಟ್ ಕಲಿಸೋಕೆ ನಿಮ್ಮನ್ನ ನನ್ನ ಕ್ಲಾಸಿಗೇ ಸೇರಿಸ್ಕೋಬೇಕಿತ್ತು."

ನಿವೃತ್ತಿಯವರೆಗೂ ಶಾಲೆಯ ಆಟದ ಟೀಚರಾಗಿದ್ದವಳು. ಸೀಟಿ ಊದಿದರೆ ಮೈದಾನದ ಆಚೆ ತುದಿಯಲ್ಲಿ ಮಕ್ಕಳು ಕಲ್ಲಾಗುತ್ತಿದ್ದರು. ಈಗ ಮಾತಿಗೊಮ್ಮೆ ನಿಂತು ಉಸಿರು ತಗೊಳ್ಳುತ್ತಾಳೆ, ಆದರೆ ಮಾತು ಬಿಡುವುದಿಲ್ಲ.

ಕಚೇರಿಯಲ್ಲಿ ಕೊನೆಯ ಮೇಜಿನವನು ಹೇಳಿದ: "ಆಸ್ಪತ್ರೆಗೆ ಈಗ ಅದರದ್ದೇ ಲೈನು ಆಗಿದೆ ಸಾರ್. ನಿಮ್ಮದು ಸಾಮಾನ್ಯಕ್ಕೆ ಬಂದಿದೆ. ಎಲ್ಲರ ಥರ ನಿಮಗೂ ಸರದಿ ಪ್ರಕಾರ ಪವರ್ ಕಟ್ಟು. ಸ್ವಲ್ಪ ಸಹಕರಿಸಿ."

ಸಹಕರಿಸಿ! ನಾನು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳಿಗೆ ರಟ್ಟು ಕಟ್ಟಿಸುತ್ತಾ ಆಯುಷ್ಯ ಕಳೆದವನು. ಈ ಶಬ್ದದ ಚರಿತ್ರೆ ನನಗೆ ಗೊತ್ತು. ನಾನು ಕಾಲೇಜಿನಲ್ಲಿದ್ದಾಗ ಇಡೀ ಪ್ರಾಂತ್ಯ ಕತ್ತಲೆಯಲ್ಲಿ ಮುಳುಗಿತ್ತು. ಆಗಿನ ಮಂತ್ರಿ 'ತಾಂತ್ರಿಕ ಕಾರಣ' ಎಂದು ಹೇಳಿ, 'ಜನ ಸಹಕರಿಸಬೇಕು' ಎಂದು ಸೇರಿಸಿ ಊಟಕ್ಕೆ ಎದ್ದುಹೋದ. ಆ ಕಾರಣ ಯಾವುದೆಂದು ಇಂದಿಗೂ ಯಾರೂ ಹೇಳಿಲ್ಲ. ತಮ್ಮ ತಪ್ಪಿನ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವಾಗ ಆಳುವವರು ಬಳಸುವ ಶಬ್ದ ಇದು. ಇದನ್ನು ಪತ್ರಿಕೆಯ ಸಂಪಾದಕರಿಗೆ ಹೀಗೇ ಬರೆಯುತ್ತೇನೆ.

ಏಪ್ರಿಲ್ ೯, ಗುರುವಾರ

ಇವಳ ತಮ್ಮ ಬಂದಿದ್ದ. ಐವತ್ತು ದಾಟಿ ತಲೆ ಬೋಳಾದರೂ ಅಕ್ಕನಿಗೆ ಇವನು ಪುಟ್ಟನೇ. ವಿದ್ಯುತ್ ಹಂಚಿಕೆಯ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರು. ಊರಿನ ಯಾವ ಲೈನು ಯಾವಾಗ ಕಟ್ಟಾಗಬೇಕೆಂಬುದು ಅವನ ಕೊಠಡಿಯಿಂದಲೇ ಹೋಗುತ್ತದೆ. ಕೂತಲ್ಲೇ ಎರಡು ಸಲ ತೂಕಡಿಸಿದ.

"ಪುಟ್ಟಾ, ಮನೇಲಿ ನಿದ್ದೆ ಮಾಡೋದು ಬಿಟ್ಟಿದ್ದೀಯೇನೋ?"

"ಬಿಟ್ಟಿಲ್ಲಕ್ಕಾ. ಅದೇ ನನ್ನ ಬಿಟ್ಟಿದೆ."

ಮೊಬೈಲು ತೆಗೆದು ಒಂದು ಅಂಕಿ ತೋರಿಸಿದ, ಇಡೀ ವಿದ್ಯುತ್ ಜಾಲದ ನಾಡಿಮಿಡಿತವಂತೆ. ಅದು ಐವತ್ತರ ಹತ್ತಿರ ನಿಲ್ಲಬೇಕಂತೆ. ಈ ಸೆಕೆಗೆ ಎಲ್ಲರೂ ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ, ಅಂಕಿ ಇಳಿಯುತ್ತದೆ. ಅಣೆಕಟ್ಟುಗಳಲ್ಲಿ ನೀರಿಲ್ಲ. ಎರಡು ದೊಡ್ಡ ಸ್ಥಾವರಗಳು ದುರಸ್ತಿಗೆ ಮಲಗಿವೆ. ಅಂಕಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಉಳಿದ ಸ್ಥಾವರಗಳು ತಮ್ಮನ್ನು ಉಳಿಸಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಒಂದು ಕಳಚಿಕೊಂಡರೆ ಅದರ ಭಾರ ಮಿಕ್ಕವುಗಳ ಮೇಲೆ.

"ಹಗ್ಗ ಜಗ್ಗಾಟ," ಎಂದಳು ಇವಳು. "ಒಬ್ಬ ಜಾರಿದ್ರೆ ಸಾಲೇ ಮಕಾಡೆ."

"ಅದೇ ಅಕ್ಕಾ. ಅದಾಗಬಾರದು ಅಂತಾನೇ ಸರದಿ ಮೇಲೆ ಬೀದಿಗಳನ್ನ ಕಟ್ ಮಾಡ್ತಿರೋದು. ಎಲ್ಲ ಒಂದು ಸಲ ಬಿದ್ರೆ ಮತ್ತೆ ಎಬ್ಬಿಸೋಕೆ ಎಷ್ಟು ದಿನ ಬೇಕೋ ಹೇಳೋಕಾಗಲ್ಲ."

"ಬೀಳೋ ಹಾಗಿದೆಯಾ?" ಎಂದು ನಾನು ಕೇಳಿದೆ.

ಅವನು ಕಾಫಿ ಲೋಟ ಕೆಳಗಿಟ್ಟ. ಆಮೇಲೆ, "ಭಾವ, ಇನ್ವರ್ಟರ್ ಒಂದು ತಗೊಂಡುಬಿಡಿ," ಎಂದ.

ಊರಿನ ಯಾವ ಅಂಗಡಿಯಲ್ಲೂ ಇನ್ವರ್ಟರ್ ಇಲ್ಲ. ಜೂನ್ ಹೊತ್ತಿಗೆ ಬರಬಹುದಂತೆ.

ಇವನು ಬಾಗಿಲು ದಾಟಿದ ಮೇಲೆ ವಕೀಲರು ಮೆಟ್ಟಿಲಿನಿಂದ ಬಗ್ಗಿ, "ಮನೇಲೇ ಕರೆಂಟು ಇಟ್ಕೊಂಡು ಕಚೇರಿ ಯಾಕೆ ಸುತ್ತುತ್ತೀರಿ? ಒಂದು ಮಾತು ಹೇಳಬಾರದಾ?" ಎಂದರು. ಈ ಜನ್ಮದಲ್ಲಿ ಯಾರಿಗೂ ಶಿಫಾರಸು ಮಾಡಿಸಿದವನಲ್ಲ ನಾನು, ಈ ವಯಸ್ಸಿನಲ್ಲಿ ಶುರು ಮಾಡುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದೆ. ಹೇಳಿ ಒಳಗೆ ಬಂದಾಗ ಮನಸ್ಸಿಗೆ ಹಿತವಾಗಿತ್ತು.

ಏಪ್ರಿಲ್ ೧೧, ಶನಿವಾರ

ನಿನ್ನೆಯೂ ಕಟ್ಟು, ಇವತ್ತೂ ಕಟ್ಟು. ಸರದಿ ಹೇಳಿದ ಹೊತ್ತಿಗೆ ಬರುವುದಿಲ್ಲ, ಹೋಗುವುದೂ ಇಲ್ಲ.

ಸಿಲಿಂಡರಿನವನು ಖಾಲಿಯದನ್ನು ಒಯ್ದು ತುಂಬಿದ್ದನ್ನು ತಂದಿಟ್ಟ. ಇವಳು ಅವನಿಗೆ ಇಟ್ಟಿರುವ ಹೆಸರು ಗಾಳಿರಾಯ. ಮೂರು ಚಕ್ರದ ಗಾಡಿಯಲ್ಲಿ ಊರೆಲ್ಲ ಸಿಲಿಂಡರು ಹೊರುವವನು, ಆ ಹೆಸರಿಗೆ ಖುಷಿಯಿಂದ ಓಗೊಡುತ್ತಾನೆ.

"ಟೀಚರಮ್ಮಾ, ಡ್ರಾಯಿಂಗ್ ಮೇಷ್ಟ್ರು ಕೇಳಿದ್ರು. ನಿಮ್ಮ ಎಮ್ಮೆ ಎಷ್ಟು ಹಾಲು ಕೊಡ್ತಿದೆ ಅಂತ."

"ಕರೆಂಟಿದ್ದಾಗ ಕೊಡುತ್ತೆ, ಇಲ್ಲದಾಗ ಒದೆಯುತ್ತೆ ಅಂತ ಹೇಳು. ಅವರ ಎಮ್ಮೆ?"

"ಅವರದ್ದು ದಿನಾ ಒದೆಯೋದೇ ಅಮ್ಮ."

ಡ್ರಾಯಿಂಗ್ ಮೇಷ್ಟ್ರು ಇವಳ ಜೊತೆ ಅದೇ ಶಾಲೆಯಲ್ಲಿದ್ದವರು. ಅವರದ್ದೂ ಇದೇ ಕಾಯಿಲೆ, ಇದೇ ಯಂತ್ರ. ರೈಲ್ವೆ ಗೇಟಿನ ಆಚೆ ಒಬ್ಬರೇ ಇದ್ದಾರೆ. ದಿನಾ ಸಂಜೆ ಫೋನಿನಲ್ಲಿ ಇಬ್ಬರೂ ಯಾರು ಒಂದೇ ಉಸಿರಿಗೆ ಉದ್ದದ ವಾಕ್ಯ ಹೇಳುತ್ತಾರೆಂದು ಪಂದ್ಯ ಕಟ್ಟುತ್ತಾರೆ. ಇವತ್ತು ಮೇಷ್ಟ್ರು ಗೆದ್ದರಂತೆ. "ಮೋಸ," ಎಂದಳು ಇವಳು ಫೋನಿಟ್ಟು. "ನಡುವೆ ಕಳ್ಳತನದಲ್ಲಿ ಉಸಿರೆಳ್ಕೊಂಡ್ರು. ನನಗೆ ಕೇಳಿಸ್ತು."

ಏಪ್ರಿಲ್ ೧೩, ಸೋಮವಾರ

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಾನು ಹಾಲಿಗೆಂದು ಹೊರಗಿದ್ದೆ. ಅಂಗಡಿಯ ಫ್ರಿಜ್ಜಿನ ಗುರುಗುರು ನಿಂತದ್ದು ಕೇಳಿಸಿತು. ಓಡಿದೆ. ಈ ಮೊಣಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಒಳಗೆ ಬಂದರೆ ಇವಳು ಸಿಲಿಂಡರಿನ ಬುಡದಲ್ಲಿ ನೆಲದ ಮೇಲೆ ಕೂತಿದ್ದಾಳೆ. ತಿರುಪು ಬಿಗಿಯಾಗಿ ಕೂತುಬಿಟ್ಟಿತ್ತು, ಅವಳ ಕೈಗೆ ತಿರುಗಿಲ್ಲ. ತುಟಿ ಶಾಯಿ ಕುಡಿದ ಮಗುವಿನ ತುಟಿಯಂತಾಗಿತ್ತು. ನನ್ನನ್ನು ನೋಡಿದಳು, ಒಂದು ಮಾತೂ ಆಡಲಿಲ್ಲ. ಮಾತಾಡದೆ ಇವಳು ನನ್ನನ್ನು ನೋಡಿದ್ದು ನನಗೆ ನೆನಪಿಲ್ಲ.

ಬಟ್ಟೆ ಸುತ್ತಿ ತಿರುಗಿಸಿದೆ. ಗಾಳಿ ಬಂತು. ತುಟಿಗೆ ಬಣ್ಣ ಬರುವವರೆಗೂ ಅವಳ ಬೆನ್ನಿಗೆ ಕೈಯಿಟ್ಟು ನೆಲದ ಮೇಲೇ ಕೂತಿದ್ದೆ.

ಆಮೇಲೆ ತಾರಸಿಗೆ ಹೋಗಿ ಪುಟ್ಟನಿಗೆ ಫೋನು ಮಾಡಿದೆ. ಇದು ಶಿಫಾರಸಲ್ಲ. ಆಸ್ಪತ್ರೆಯ ಲೈನಿನಲ್ಲಿದ್ದ ಬೀದಿಯನ್ನು ಹೇಳದೆ ಕೇಳದೆ ಕಿತ್ತದ್ದು ತಪ್ಪು. ಆದ ತಪ್ಪನ್ನು ತಿದ್ದಿ ಎಂದು ಕೇಳುವುದು ನಾಗರಿಕನ ಹಕ್ಕು. ಹಕ್ಕನ್ನು ಅರ್ಜಿಯಲ್ಲಿ ಕೇಳಿದರೂ ಒಂದೇ, ಫೋನಿನಲ್ಲಿ ಕೇಳಿದರೂ ಒಂದೇ.

"ಆಸ್ಪತ್ರೆ ಲೈನಿಗೆ ಮತ್ತೆ ಸೇರಿಸೋಕಾಗಲ್ಲ ಭಾವ. ನಿಮ್ಮ ಲೈನನ್ನ ಸರದಿಯಿಂದ ಆಚೆ ಇಡಬಹುದು. ಆದ್ರೆ ಒಂದನ್ನ ಆಚೆ ಇಟ್ರೆ..."

"ಅದೆಲ್ಲ ನಿನ್ನ ಕೆಲಸದ ವಿಷಯ ಪುಟ್ಟಾ, ನನಗೆ ಅರ್ಥವಾಗಲ್ಲ. ನಿನ್ನ ಅಕ್ಕ ಇವತ್ತು ನೆಲದ ಮೇಲಿದ್ದಳು."

"ಅಕ್ಕಂಗೆ ಗೊತ್ತಾ, ನೀವು ಫೋನ್ ಮಾಡಿದ್ದು?"

"ಅವಳಿಗ್ಯಾಕೆ ಆಯಾಸ?" ಎಂದೆ.

ಏಪ್ರಿಲ್ ೧೫, ಬುಧವಾರ

ನಿನ್ನೆ ಕಟ್ಟು ಇರಲಿಲ್ಲ. ಇವತ್ತೂ ಇಲ್ಲ. ಎಮ್ಮೆ ಸುಖವಾಗಿ ಉಸಿರಾಡುತ್ತಿದೆ.

ವಕೀಲರು ಕೈ ಕುಲುಕಿ, "ಸಂಪಾದಕರಿಗೆ ಬರೆದಿದ್ರಲ್ಲ, ಕೆಲಸ ಮಾಡ್ತು ನೋಡಿ," ಎಂದರು. ಬರೆದದ್ದು ಇನ್ನೂ ಅಚ್ಚಾಗಿಲ್ಲ. ಆದರೂ ಕೈ ಕುಲುಕಿಸಿಕೊಂಡು ಒಳಗೆ ಬಂದೆ.

ಏಪ್ರಿಲ್ ೧೮, ಶನಿವಾರ

ನಾಗರಿಕ ಸಮಿತಿಯ ಸಭೆ, ವಕೀಲರ ಮನೆಯಲ್ಲಿ. ಬೇರೆ ಬಡಾವಣೆಗಳವರೂ ಬಂದಿದ್ದರು. ನಮ್ಮಲ್ಲಿ ಫ್ಯಾನು ತಿರುಗುತ್ತಿತ್ತಲ್ಲ, ಅದಕ್ಕೇ ಇಲ್ಲಿ ಸೇರಿದ್ದು. ರೈಲ್ವೆ ಗೇಟಿನ ಆಚೆಯ ಔಷಧಿ ಅಂಗಡಿಯಾಕೆ, "ನಮ್ಮ ಕಡೆ ಕಟ್ಟು ಎರಡು ಪಟ್ಟಾಗಿದೆ, ಮಂಡಳಿ ಮುಂದೆ ಕೂರೋಣ," ಎಂದು ಮೇಜು ಕುಟ್ಟಿದಳು. ತರುಣಿ. ಚರಿತ್ರೆ ಗೊತ್ತಿಲ್ಲ.

ನಾನು ಎದ್ದು ಮಾತಾಡಿದೆ. ಇಡೀ ಜಾಲವೇ ಕುಸಿಯುವ ಅಪಾಯವಿರುವಾಗ ಎಂಜಿನಿಯರುಗಳು ನಿದ್ದೆಗೆಟ್ಟು ದುಡಿಯುತ್ತಿದ್ದಾರೆ. ಅವರ ಮುಂದೆ ಹೋಗಿ ಕೂಗುವುದು ಜವಾಬ್ದಾರಿಯಲ್ಲ. ಕಷ್ಟಕಾಲದಲ್ಲಿ ಎಲ್ಲರೂ ಸ್ವಲ್ಪ ಸಹಕರಿಸಬೇಕು ಎಂದೆ. ಹಿರಿಯರು ತಲೆದೂಗಿದರು.

ಔಷಧಿ ಅಂಗಡಿಯಾಕೆ ಮೇಲೆ ನೋಡಿ, "ಫ್ಯಾನಿನ ಕೆಳಗೆ ಕೂತು ಹೇಳೋಕೆ ಚೆನ್ನಾಗಿರುತ್ತೆ ಅಂಕಲ್," ಎಂದಳು. ಇಂದಿನವರಿಗೆ ಮಾತಿನ ಮರ್ಯಾದೆ ಇಲ್ಲ.

ಏಪ್ರಿಲ್ ೨೦, ಸೋಮವಾರ

ಮೇಷ್ಟ್ರ ಫೋನು, ಮೂರು ಸಲ. ಇವಳು ಮಲಗಿದ್ದಳು, ನಾನೇ ತೆಗೆದೆ. ಗಾಳಿರಾಯ ಬಂದಿಲ್ಲವಂತೆ. ಇದ್ದ ಸಿಲಿಂಡರು ದಿನದ ಕಟ್ಟಿನಲ್ಲೇ ಕರಗಿಹೋಗುತ್ತಿದೆಯಂತೆ. ಮೊದಲಿನ ಹಾಗೆ ತಮಾಷೆ ಮಾಡುವುದಿಲ್ಲ, ಬರೀ ಗೊಣಗು. ಬರುತ್ತಾನೆ ಬಿಡಿ ಮೇಷ್ಟ್ರೇ, ಎಲ್ಲರಿಗೂ ಕಷ್ಟವೇ ಎಂದು ಸಮಾಧಾನ ಹೇಳಿದೆ.

ಸಂಜೆ ಇವಳು, "ಮೇಷ್ಟ್ರು ಇವತ್ತು ಪಂದ್ಯಕ್ಕೆ ಬರಲೇ ಇಲ್ಲವಲ್ಲ," ಎಂದಳು. ಸುಸ್ತಾಗಿರಬೇಕು ಎಂದೆ.

ಏಪ್ರಿಲ್ ೨೨, ಬುಧವಾರ

ಗಾಳಿರಾಯ ಬಂದ. ಗಾಡಿಯ ತುಂಬ ಸಿಲಿಂಡರು, ಎಲ್ಲ ಖಾಲಿ. ಒಂದಕ್ಕೊಂದು ತಾಗಿ ಗಂಟೆಯಂತೆ ಸದ್ದು ಮಾಡುತ್ತಿದ್ದವು. ತುಂಬಿದ್ದಾಗ ಹಾಗೆ ಸದ್ದು ಬರುವುದಿಲ್ಲ.

"ನಿಮ್ಮದು ಹಾಗೇ ಇದೆಯಲ್ಲ ಸಾರ್? ಪುಣ್ಯ. ಇದನ್ನ ಜೋಪಾನ ಮಾಡಿ. ಇನ್ನೊಂದು ಯಾವಾಗ ತರ್ತೀನೋ ಗೊತ್ತಿಲ್ಲ."

"ಯಾಕೋ?"

"ತುಂಬೋ ಪ್ಲಾಂಟಿಗೇ ಕರೆಂಟಿಲ್ಲ. ಹೋದ ಮಂಗಳವಾರದಿಂದ ನಮ್ಮ ರಸ್ತೇನ ಸರದಿಗೆ ಹಾಕಿದ್ದಾರೆ. ಬಂದ್ರೆ ಒಂದು ಗಂಟೆ ಬರುತ್ತೆ, ಪಂಪು ಒತ್ತಡ ಹಿಡಿಯೋದ್ರೊಳಗೆ ಮತ್ತೆ ಹೋಗುತ್ತೆ. ಜನರೇಟರು ಮೂರು ದಿನ ಓಡಿ ಸೀದುಹೋಯ್ತು. ದೊಡ್ಡಾಸ್ಪತ್ರೆಯವರದ್ದು ಅವರದ್ದೇ ಟ್ಯಾಂಕು, ಚಿಂತೆ ಇಲ್ಲ. ಮನೆಗಳವರ ಗತಿ ಕೇಳಬೇಡಿ."

ಯಾವ ರಸ್ತೆ ಎಂದು ಕೇಳಿದೆ. ವರ್ಕ್‌ಶಾಪ್ ರಸ್ತೆ ಎಂದ.

ಮಂಗಳವಾರ ಎಂದರೆ ನಮ್ಮ ಕಟ್ಟು ನಿಂತ ದಿನ.

ತಾರಸಿಗೆ ಹೋದೆ. ಪುಟ್ಟ ಬೇಗ ಫೋನು ತೆಗೆಯಲಿಲ್ಲ. ತೆಗೆದವನು ಪಿಸುಮಾತಿನಲ್ಲಿ, "ಅವತ್ತೇ ಹೇಳೋಕೆ ಬಂದೆ ಭಾವ. ಒಂದನ್ನ ಆಚೆ ಇಟ್ರೆ ಅಷ್ಟೇ ಭಾರದ ಇನ್ನೊಂದನ್ನ ಒಳಗೆ ಹಾಕಲೇಬೇಕು. ಅದು ಲೇತು, ವೆಲ್ಡಿಂಗ್ ಶೆಡ್ಡುಗಳ ರಸ್ತೆ ಅಂತಾನೇ ನಮ್ಮ ದಾಖಲೇಲಿ ಇರೋದು. ಹಳೇ ಲೇತ್ ಶೆಡ್ಡಿಗೆ ಗ್ಯಾಸ್ ಪ್ಲಾಂಟ್ ಬಂದಿದೆ ಅಂತ ಯಾರೂ ತಿದ್ದಿಲ್ಲ. ನಾನು ಮನೆಗಳಿಲ್ಲದ ರಸ್ತೆ ನೋಡಿ ಹಾಕಿದೆ. ಯಾರಿಗೂ ತೊಂದರೆ ಆಗಬಾರದು ಅಂತಾನೇ ಹಾಕಿದ್ದು," ಎಂದ.

"ಹಾಗಾದ್ರೆ ಅದನ್ನೂ ಆಚೆ ಇಡು."

"ಮತ್ತೆ ಯಾವುದನ್ನ ಒಳಗೆ ಹಾಕಲಿ? ನೀವೇ ಹೇಳಿ, ಹಾಕ್ತೀನಿ."

ಸೆಕೆಗೆ ತಾರಸಿಯ ಗಾರೆ ಚಪ್ಪಲಿಯ ಮೂಲಕವೂ ಸುಡುತ್ತಿತ್ತು. ಬೆಳಿಗ್ಗೆ ಮಾತಾಡೋಣ ಎಂದೆ. ಇಂಥ ವಿಷಯವನ್ನು ಅವಸರದಲ್ಲಿ ತೀರ್ಮಾನಿಸಬಾರದು.

ಮೂಲತಃ ಇದು ಮಂಡಳಿಯ ತಪ್ಪು. ಯಾವ ರಸ್ತೆಯಲ್ಲಿ ಏನಿದೆಯೆಂದೇ ತಿಳಿಯದ ಮಂಡಳಿ!

ಏಪ್ರಿಲ್ ೨೩, ಗುರುವಾರ, ಸಂಜೆ

ಬಿತ್ತು.

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತು. ಮೊದಲು ದೀಪ ಮಂಕಾಗಿ, ಫ್ಯಾನು ಸೋಮಾರಿಯಾಗಿ, ಮತ್ತೆ ಚುರುಕಾಗಿ, ಆಮೇಲೆ ಎಲ್ಲವೂ ನಿಂತಿತು. ಎಮ್ಮೆ ಕಿರುಚಿತು. ಸಿಲಿಂಡರು ತೆರೆದೆ. ಕಿಟಕಿಯಿಂದ ನೋಡಿದರೆ ಕೂಡುರಸ್ತೆಯ ಸಿಗ್ನಲ್ ದೀಪ ಸತ್ತಿದೆ, ಬಸ್ಸುಗಳು ಮೂತಿಗೆ ಮೂತಿ ಕೊಟ್ಟು ನಿಂತಿವೆ. ವಕೀಲರ ಬ್ಯಾಟರಿ ರೇಡಿಯೋದಲ್ಲಿ ಬಂತು: ಇಡೀ ಪ್ರಾಂತ್ಯ, ಪಕ್ಕದ ಎರಡು ಪ್ರಾಂತ್ಯಗಳು. ತಾಂತ್ರಿಕ ಕಾರಣ.

ಪುಟ್ಟನಿಗೆ ಫೋನು ಸೇರುತ್ತಿಲ್ಲ. ಆಸ್ಪತ್ರೆಗೆ ಹೋಗಿ ನೋಡಿಬಂದೆ. ಗೇಟಿನಿಂದಲೇ ಸಾಲು, ಕುರ್ಚಿಯಲ್ಲಿ, ಚಾಪೆಯಲ್ಲಿ, ಹೆಗಲ ಮೇಲೆ ಜನ. "ಮನೇಲಿ ತುಂಬಿದ ಸಿಲಿಂಡರ್ ಇದ್ರೆ ಮನೇಲೇ ಇರಿ, ಇಲ್ಲದೋರು ಮಾತ್ರ ಒಳಗೆ ಬನ್ನಿ," ಎಂದು ನರ್ಸು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ನಮ್ಮಲ್ಲಿ ಇದೆ. ತುಂಬಿದ್ದೇ ಇದೆ. ವಾಪಸು ಬಂದೆ.

ಇವಳು ಗಾಳಿಯನ್ನು ಅರ್ಧಕ್ಕೆ ಇಳಿಸಿಕೊಂಡಿದ್ದಾಳೆ, ಹೆಚ್ಚು ಹೊತ್ತು ಬರಲೆಂದು. ಮಾತಾಡಬೇಡ ಎಂದೆ. "ಮೇಷ್ಟ್ರಿಗೆ ಫೋನ್ ಮಾಡಿ," ಎಂದಳು. ಲೈನೇ ಇಲ್ಲ ಎಂದೆ. ಅದು ನಿಜ.

ಏಪ್ರಿಲ್ ೨೪, ಶುಕ್ರವಾರ

ಇನ್ನೂ ಇಲ್ಲ. ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗೆ. ನೋಡಬೇಡಿ, ನೋಡಿದರೆ ಬೇಗ ಇಳಿಯುತ್ತೆ ಎಂದು ಇವಳು ಅದರ ಮೇಲೆ ಟವೆಲು ಹಾಕಿಸಿದಳು. ಟವೆಲು ಎತ್ತಿ ಎತ್ತಿ ನೋಡುತ್ತಿದ್ದೇನೆ.

ನಲ್ಲಿಯಲ್ಲಿ ನೀರು ನಿಂತಿತು.

ಮಧ್ಯಾಹ್ನ: ಕೆಂಪು ಗೆರೆ ಮುಟ್ಟಿದೆ. ವಕೀಲರೂ ನಾನೂ ಇವಳನ್ನು ಕುರ್ಚಿಯಲ್ಲಿ ಕೂರಿಸಿ ಹೊರುವುದೆಂದು ತೀರ್ಮಾನ. ಉಳುಕಿದ ಕಾಲು ಅವರದ್ದು, ಮೊಣಕಾಲು ನನ್ನದು. "ಬೀಳಿಸಿದ್ರೆ ಇಬ್ಬರನ್ನೂ ಮೈದಾನ ಸುತ್ತಿಸ್ತೀನಿ," ಎಂದಳು. ಒಂದೊಂದು ಶಬ್ದಕ್ಕೂ ನಿಂತು ಹೇಳಿದಳು.

ಬಾಗಿಲವರೆಗೆ ಬಂದಿದ್ದೆವು. ಎಮ್ಮೆ ಕಿರುಚಿತು. ಕರೆಂಟು!

ಬೀದಿಯ ತುಂಬ ಜನ ಕೂಗಿದರು. ನಾನು ಅತ್ತೆನಂತೆ. ವಕೀಲರು ಹೇಳುತ್ತಾರೆ.

ಏಪ್ರಿಲ್ ೨೫, ಶನಿವಾರ

ಡ್ರಾಯಿಂಗ್ ಮೇಷ್ಟ್ರು ಹೋಗಿಬಿಟ್ಟರು. ಗುರುವಾರವೇ. ಅವರ ಸಿಲಿಂಡರು ಅದಾಗಲೇ ಖಾಲಿಯಾಗಿತ್ತು. ಔಷಧಿ ಅಂಗಡಿಯಾಕೆ ತನ್ನ ಸ್ಕೂಟರಿನಲ್ಲಿ ಕೂರಿಸಿ, ಬೀಳದಂತೆ ದುಪಟ್ಟಾದಿಂದ ತನ್ನ ಬೆನ್ನಿಗೇ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟಿದ್ದಳಂತೆ. ಸಿಗ್ನಲ್ಲಿನ ಬಸ್ಸುಗಳ ನಡುವೆ ದಾರಿ ಸಿಗುವ ಹೊತ್ತಿಗೆ ಬೆನ್ನಿನ ಮೇಲಿನ ಭಾರ ಬೇರೆಯಾಯಿತು ಎಂದಳಂತೆ. ಗಾಳಿರಾಯ ಬಂದು ಹೇಳಿದ. ಹೇಳುವಾಗ ಕೂರಲಿಲ್ಲ, ಕಾಫಿ ಬೇಡ ಎಂದ.

ಇವಳು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ.

ಏಪ್ರಿಲ್ ೨೭, ಸೋಮವಾರ

ಇವತ್ತು ಬೆಳಿಗ್ಗೆಯೇ ಬರೆಯಲು ಕೂತೆ. ಸಂಪಾದಕರಿಗಲ್ಲ, ನೇರವಾಗಿ ಮಂಡಳಿಯ ಅಧ್ಯಕ್ಷರಿಗೆ, ಪ್ರತಿ ಎಲ್ಲ ಪತ್ರಿಕೆಗಳಿಗೆ. ಆಮ್ಲಜನಕ ತುಂಬುವ ಪ್ಲಾಂಟನ್ನು ಕತ್ತಲೆಗೆ ತಳ್ಳಿದವರು ಯಾರು? ಕೈ ಚುರುಕಾಗಿ ಓಡುತ್ತಿತ್ತು. ಎಷ್ಟೋ ದಿನಗಳ ಮೇಲೆ ನಾನು ನಾನಾಗಿದ್ದೆ.

ಆಗ ಪುಟ್ಟ ಬಂದ. ಗಡ್ಡ ಬೆಳೆದಿತ್ತು. ಮೇಜಿನ ಮೇಲಿನ ಹಾಳೆ ನಿಂತಲ್ಲೇ ಓದಿದ.

"ಭಾವ, ಇದನ್ನ ಕಳಿಸಬೇಡಿ."

"ಯಾಕೆ? ಸುಳ್ಳು ಬರೆದಿದ್ದೀನಾ?"

"ಸುಳ್ಳಲ್ಲ. ತನಿಖೆ ಶುರುವಾದ್ರೆ ಮೊದಲು ಸಿಗೋದು ಕಂಪ್ಯೂಟರಲ್ಲಿ ನನ್ನ ಲಾಗಿನ್ನು."

"ನಿನ್ನ ಮಟ್ಟದವರನ್ನ ಕೇಳ್ತಿಲ್ಲ ನಾನು. ಮೇಲಿನವರನ್ನ ಕೇಳ್ತಿದ್ದೀನಿ."

"ಆ ರಸ್ತೆ ಮೇಲಿನವರು ಹಾಕಲಿಲ್ಲ ಭಾವ. ಬದಲಾಯಿಸಿದ್ದು ನಾನು. ಹದಿಮೂರನೇ ತಾರೀಕು."

ಒಳಗಿನ ಕೋಣೆಯಿಂದ, "ಪುಟ್ಟಾ, ಬಾ ಇಲ್ಲಿ," ಎಂಬ ಧ್ವನಿ ಬಂತು. ಜೋರಾಗೇನೂ ಇರಲಿಲ್ಲ. ಇಬ್ಬರೂ ಹೋಗಿ ಮಂಚದ ಮುಂದೆ ನಿಂತೆವು.

"ಏನು ಬದಲಾಯಿಸಿದೆ?"

ಅವನು ನನ್ನನ್ನು ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಅವನು ಹೇಳಿದ, ಎಲ್ಲ. ತಾರಸಿಯ ಫೋನು, ಬುಧವಾರದ ಫೋನು, ಬೆಳಿಗ್ಗೆ ಮಾತಾಡೋಣ ಎಂದದ್ದು. ಅಷ್ಟೊಂದು ವಿವರ ಬೇಕಿರಲಿಲ್ಲ.

ಎಮ್ಮೆ ಉಸಿರು ಬಿಡುತ್ತಿತ್ತು. ಇವಳು ಅದನ್ನೇ ನೋಡುತ್ತಿದ್ದಳು.

"ನೀನು ನೆಲದ ಮೇಲಿದ್ದೆ," ಎಂದೆ. "ನಾನೇನು ಮಾಡಬೇಕಿತ್ತು?"

"ನನ್ನನ್ನ ಕೇಳಬೇಕಿತ್ತು." ನಿಂತು ಉಸಿರು ತಗೊಂಡಳು. "ಪಕ್ಕದವರ ಗೆರೇಲಿ ಓಡಿ ಮೊದಲು ಬಂದ ಮಕ್ಕಳನ್ನ ನಾನು ಯಾವತ್ತಾದ್ರೂ ಗೆದ್ರು ಅಂದಿದ್ದೀನಾ?"

"ಅಕ್ಕಾ, ನನ್ನ ಕೆಲಸ ಹೋಗುತ್ತೆ," ಎಂದ ಪುಟ್ಟ.

"ಹೋಗಬಹುದು ಕಣೋ. ಬಾ, ಹತ್ರ ಕೂತ್ಕೋ." ಅವನ ಬೋಳುತಲೆಯ ಮೇಲೆ ಕೈಯಿಟ್ಟಳು. ನನಗೆ ಹೇಳಿದಳು: "ಆ ಪತ್ರ ಕಳಿಸಿ. ಆದ್ರೆ ಮೊದಲು ನನಗೆ ಓದಿ ಹೇಳಿ."

ಏಪ್ರಿಲ್ ೨೮, ಮಂಗಳವಾರ

ಓದಿ ಹೇಳಿದೆ. 'ಸಹಕರಿಸಿ' ಎಂಬ ಶಬ್ದದ ಚರಿತ್ರೆಯ ಬಗ್ಗೆ ಇದ್ದ ಇಡೀ ಪುಟವನ್ನು ಹೊಡೆದುಹಾಕಿಸಿದಳು. ಅದು ಪತ್ರದ ಅತ್ಯುತ್ತಮ ಭಾಗವಾಗಿತ್ತು. ಪತ್ರದ ಕೊನೆಯ ಪ್ರಶ್ನೆ ನನ್ನದಲ್ಲ, ಅವಳದು. ಅದನ್ನಿಟ್ಟರೆ ಮಂಡಳಿಯವರು ಅದೊಂದನ್ನೇ ಹಿಡಿದು ಮಿಕ್ಕದ್ದರಿಂದ ನುಣುಚಿಕೊಳ್ಳುತ್ತಾರೆಂದು ಎಷ್ಟು ಹೇಳಿದರೂ ಕೇಳಲಿಲ್ಲ. "ನೀವು ಬರೀತೀರೋ, ನಾನು ಬರೀಲೋ?" ಎಂದು ಕೈ ಚಾಚಿದಳು. ನಾನೇ ಬರೆದೆ. ಪುಟ್ಟ ಓದಿ, ಮಡಚಿ ಕೊಟ್ಟ. ಮಧ್ಯಾಹ್ನ ಔಷಧಿ ಅಂಗಡಿಯಾಕೆಯೇ ಬಂದು ಪ್ರತಿಗಳನ್ನು ಒಯ್ದಳು. ಕಳಿಸಿದ್ದರ ಕೊನೆಯ ಭಾಗವನ್ನು ಇಲ್ಲಿ ಇಳಿಸಿಕೊಂಡಿದ್ದೇನೆ:

ಏಪ್ರಿಲ್ ಎರಡರಂದು ಒಂದು ಬೀದಿಯನ್ನು ಅಲ್ಲಿಯ ರೋಗಿಗಳಿಗೆ ತಿಳಿಸದೆ ಆಸ್ಪತ್ರೆಯ ಲೈನಿನಿಂದ ತೆಗೆಯಲು ಆಜ್ಞೆ ಮಾಡಿದವರು ಯಾರು? ಊರಿನ ಮನೆಗಳಿಗೆಲ್ಲ ಉಸಿರು ತುಂಬಿ ಕಳಿಸುವ ಪ್ಲಾಂಟು ಯಾವ ರಸ್ತೆಯಲ್ಲಿದೆಯೆಂದು ಮಂಡಳಿಗೆ ತಿಳಿಯದೆ ಹೋದದ್ದು ಹೇಗೆ? ಗುರುವಾರ ಮೂರು ಪ್ರಾಂತ್ಯಗಳು ಕತ್ತಲಾದದ್ದಕ್ಕೆ ನೀವು ಹೇಳಿದ ತಾಂತ್ರಿಕ ಕಾರಣ ಯಾವುದು? ಮತ್ತು ಏಪ್ರಿಲ್ ಹದಿಮೂರರಂದು, ಯಾರ ಫೋನಿನ ಮೇಲೆ, ಯಾರ ಮನೆಯ ದೀಪ ಉರಿಯಲೆಂದು, ವರ್ಕ್‌ಶಾಪ್ ರಸ್ತೆಯನ್ನು ಕತ್ತಲೆಗೆ ಹಾಕಲಾಯಿತು? ಉತ್ತರ ನನ್ನ ವಿಳಾಸಕ್ಕೆ ಲಕೋಟೆಯಲ್ಲಿ ಬರುವುದು ಬೇಡ. ನಗರಸಭೆಯ ಸಭಾಂಗಣದಲ್ಲಿ, ಬಾಗಿಲು ತೆರೆದಿಟ್ಟು, ರೈಲ್ವೆ ಗೇಟಿನ ಆಚೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿ ಹೇಳಿ.